ಸಮುದ್ರಯಾನದ ‘ಚಳಿಗಾಲ’ವೂ ಎಡೆದೊರೆ ನಾಡೂ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಮಾನ್ವಿ ತಾಲೂಕಿನಲ್ಲಿ ನೀರಮಾನ್ವಿಯೆಂಬ ಗ್ರಾಮವಿದೆ. ಊರಿನ ಹೆಸರಿನಲ್ಲಿ ನೀರಿದ್ದರೂ ಕಡಲಿಗೂ ಅದಕ್ಕೂ ನಡುವೆ ಸಹ್ಯಾದ್ರಿಯ ಶ್ರೇಣಿಯೂ ವಿಶಾಲವಾದ ಬಯಲುಸೀಮೆಯೂ ಹರಡಿಕೊಂಡಿವೆ. ಆ ಭಾಗದಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ವಿದೇಶೀ ಪ್ರವಾಸಿಗಳ ಬರಹಗಳನ್ನು ಓದುತ್ತಿದ್ದ ತರಗತಿಯಲ್ಲಿ ಎದ್ದುನಿಂತು, “ಸರ್, ನಮ್ಮ ಕಡೆ ಚಳಿಗಾಲ ಅಂದ್ರ ಹೊಲದಾಗ ಬಿಳಿಜ್ವಾಳ ನಿಂತಿರೋ ಕಾಲ. ದಾರಿ ನಡೀಲಿಕ್ಕ ಅದಕ್ಕಿಂತ ಚಲೋ ಕಾಲ ಇನ್ನೊಂದಿಲ್ಲ. ಈ ಹಡಗಿನವರು ಚಳಿಗಾಲಕ್ಕ ಯಾಕ ಇಷ್ಟು ಅಂಜ್ತಿದ್ರು?” ಎಂದು ಕೇಳಿದನು. ತರಗತಿಯಲ್ಲಿ ನಗೆಯೆದ್ದಿತು. ನಮಗೆ ಆ ಕ್ಷಣಕ್ಕೆ ತೃಪ್ತಿಕರವಾದ ಉತ್ತರವನ್ನು ಕೊಡಲಾಗಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

ಪ್ರಶ್ನೆಯು ಮೇಲುನೋಟಕ್ಕೆ ಸರಳವಾದುದು. ಆದರೆ ಅದರ ಹಿಂದೆ ಕಾಲನಿರ್ಣಯದ ಸಮಸ್ಯೆಯೊಂದು ಅಡಗಿದೆ. ಹದಿನೈದು ಹದಿನಾರನೆಯ ಶತಮಾನಗಳ ಪ್ರವಾಸಿಗಳು ‘ಚಳಿಗಾಲ’ವೆಂದು ಬರೆದಲ್ಲೆಲ್ಲ ನಮ್ಮ ವಿದ್ಯಾರ್ಥಿಗಳು, ಕೆಲವೊಮ್ಮೆ ಅಧ್ಯಾಪಕರೂ ಸಹ, ಡಿಸೆಂಬರ್ ಜನವರಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದುತ್ತಾರೆ. ಆಗ ಘಟನೆಗಳ ಸರಣಿಯು ಅರ್ಧ ವರ್ಷದಷ್ಟು ಪಲ್ಲಟವಾಗುತ್ತದೆ. ದಂಡಯಾತ್ರೆಗಳೂ ಕುದುರೆಗಳ ವ್ಯಾಪಾರವೂ ರಾಯಭಾರಗಳೂ ಋತುಮಾನಕ್ಕೆ ಕಟ್ಟುಬಿದ್ದಿದ್ದ ಆ ಕಾಲದ ವಿಷಯದಲ್ಲಿ ಇದು ಅಲ್ಪದೋಷವೆನ್ನಿಸದು.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುವವನು ರಷ್ಯಾದ ಟ್ವೆರ್ ನಗರದ ವರ್ತಕನಾದ ಅಫನಾಸಿ ನಿಕಿತಿನ್. ಅವನ ಪ್ರವಾಸವು 1466ರಲ್ಲಿ ಆರಂಭವಾಯಿತೆಂದು ಹಿಂದಿನವರೂ, ಅದಕ್ಕಿಂತ ಎರಡು ವರ್ಷಗಳ ಅನಂತರವೆಂದು ಈಚಿನವರೂ ಗಣಿಸಿದ್ದಾರೆ. ಆ ಚರ್ಚೆಯು ನಮಗಿಲ್ಲಿ ಪ್ರಸ್ತುತವಲ್ಲ. ಅವನು ಹೊರ್ಮುಜಿನಲ್ಲಿ ಒಂದು ಗಂಡುಕುದುರೆಯೊಡನೆ ನಾವೆಯನ್ನೇರಿದುದು ಈಸ್ಟರ್ ಹಬ್ಬದ ಮುಂದಿನ ವಾರದಲ್ಲಿ. ಮಸ್ಕತ್ತನ್ನೂ ಗುಜರಾತಿನ ಕರಾವಳಿಯನ್ನೂ ಹಾಯ್ದು ಸುಮಾರು ಆರು ವಾರಗಳ ಸಮುದ್ರಯಾನದ ತರುವಾಯ ಅವನು ಚೌಲ್ ಬಂದರಿನಲ್ಲಿ ಇಳಿದನು. ಅಲ್ಲಿಂದ ಘಟ್ಟವನ್ನೇರಿ ಜುನ್ನರಿಗೆ ಬಂದು ಎರಡು ತಿಂಗಳು ತಂಗಿದನು. ಆ ನಾಡಿನಲ್ಲಿ ಚಳಿಗಾಲವು ತ್ರಿತ್ವದ ಹಬ್ಬದಂದು ತೊಡಗಿತೆಂದೂ, ನಾಲ್ಕು ತಿಂಗಳ ಕಾಲ ಹಗಲಿರುಳೂ ಎಲ್ಲೆಲ್ಲೂ ನೀರು ಮತ್ತು ಕೆಸರೆಂದೂ, ಜನರು ಉಳುವುದೂ ಬಿತ್ತುವುದೂ ಆ ದಿನಗಳಲ್ಲಿಯೇ ಎಂದೂ ಅವನು ಬರೆದಿಟ್ಟಿದ್ದಾನೆ. ತ್ರಿತ್ವದ ಹಬ್ಬವು ರಷ್ಯನ್ನರ ಗಣನೆಯಂತೆ ಈಸ್ಟರಿನಿಂದ ಐವತ್ತನೆಯ ದಿನ. ಅಂದರೆ ಮೇ ಮಾಸದ ಮಧ್ಯದಿಂದ ಜೂನ್ ಮಾಸದ ಮಧ್ಯದೊಳಗೆ ಬರತಕ್ಕದ್ದು. ಅವನ ‘ಚಳಿಗಾಲ’ವೆಂಬುದು ನಮ್ಮ ಮುಂಗಾರಲ್ಲದೆ ಬೇರೆಯಲ್ಲ. ಹೊಲಗೆಲಸವೆಲ್ಲ ನಿಂತು ಜನರು ಮನೆಯೊಳಗೆ ಸೇರುವ ಕಾಲವನ್ನೇ ಚಳಿಗಾಲವೆಂದು ತಿಳಿದಿದ್ದ ದೇಶದಿಂದ ಬಂದವನಿಗೆ, ಚಳಿಗಾಲದಲ್ಲಿ ಬಿತ್ತುವ ಜನರು ಸೋಜಿಗವಾಗಿ ತೋರಿರಬೇಕು.

ಪಾಪ, ಅವನ ವೃತ್ತಾಂತದಲ್ಲಿ ಇನ್ನೊಂದು ಮಾತು ನಮ್ಮ ಗಮನವನ್ನು ಸೆಳೆಯುತ್ತದೆ. ಪ್ರಯಾಣದ ಆರಂಭದಲ್ಲಿ ಸುಲಿಗೆಗಾರರು ಅವನ ಪುಸ್ತಕಗಳನ್ನೂ ಅಪಹರಿಸಿದುದರಿಂದ ಅವನಿಗೆ ಹಬ್ಬಗಳ ಲೆಕ್ಕ ತಪ್ಪಿಹೋಯಿತು. ಉಪವಾಸ ಯಾವಾಗ, ಈಸ್ಟರ್ ಯಾವಾಗ ಎಂಬುದನ್ನು ಮುಸಲ್ಮಾನರ ಹಬ್ಬಗಳನ್ನು ನೋಡಿ ಊಹಿಸುತ್ತಿದ್ದೆನೆಂದು ಅವನು ದುಃಖದಿಂದ ಹೇಳಿಕೊಳ್ಳುತ್ತಾನೆ. ಅವನು ಕೊಡುವ ತಿಥಿಗಳನ್ನು ಬಳಸುವವರು ಈ ಮಾತನ್ನು ಮರೆಯಬಾರದು. ದಿನವು ತಪ್ಪಿರಬಹುದು, ಆದರೆ ಮಳೆಯು ತಪ್ಪಿಲ್ಲ. ಅವನ ಕಾಲಗಣನೆಗೆ ಹಬ್ಬಗಳಿಗಿಂತ ಕೆಸರೇ ಹೆಚ್ಚು ನಂಬತಕ್ಕ ಆಧಾರವೆಂದು ನಮ್ಮ ಅಭಿಪ್ರಾಯ.

ಪೋರ್ತುಗೀಜರೂ ಇದೇ ರೂಢಿಯನ್ನು ಅನುಸರಿಸಿದರು. ಗೋವೆಯಲ್ಲಿ ಮಳೆಗಾಲಕ್ಕೆ ಅವರಿಟ್ಟ ಹೆಸರು ಚಳಿಗಾಲವೆಂದೇ. ಬಂದರಿನಲ್ಲಿ ಅಥವಾ ದ್ವೀಪದಲ್ಲಿ ಹಡಗು ಅನುಕೂಲವಾದ ಗಾಳಿಯನ್ನು ಕಾಯುತ್ತ ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಅವರು ‘ಚಳಿಗಾಲ ಕಳೆಯುವುದು’ ಎಂಬ ಕ್ರಿಯಾಪದವನ್ನೇ ಬಳಸುತ್ತಿದ್ದರು, ಆ ಸ್ಥಳದಲ್ಲಿ ಬೆವರು ಸುರಿಯುತ್ತಿದ್ದರೂ ಸರಿಯೆ. 1583ರಿಂದ 1588ರ ವರೆಗೆ ಗೋವೆಯಲ್ಲಿದ್ದ ಡಚ್ಚರವನಾದ ಲಿನ್‌ಸ್ಕೋಟನ್ ಎಂಬುವನು ಪಶ್ಚಿಮದ ಕರಾವಳಿಯಲ್ಲಿ ಚಳಿಗಾಲವಿರುವಾಗಲೇ ಘಟ್ಟದ ಆಚೆಯ ಚೋಳಮಂಡಲದ ತೀರದಲ್ಲಿ ಬೇಸಗೆಯಿರುವುದೆಂದು ಆಶ್ಚರ್ಯಪಡುತ್ತಾನೆ. ಆ ಆಶ್ಚರ್ಯವು ನಮ್ಮ ವಾದಕ್ಕೆ ಮುಖ್ಯವಾದುದು. ಹೊನ್ನಾವರ ಮಂಗಳೂರುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುತ್ತದೆ. ಮಳೆಯ ಮರೆಯಲ್ಲಿರುವ ರಾಯಚೂರು ಸೀಮೆಯಲ್ಲಿ ಅದು ಸುಮಾರು 600ರಿಂದ 700 ಮಿಲಿಮೀಟರ್ ಮಾತ್ರ. ಕಡಲಿನವರ ‘ಚಳಿಗಾಲ’ದ ಭೀಕರತೆಯು ನೀರಮಾನ್ವಿಯ ಎರೆಹೊಲದಲ್ಲಿ ನಿಂತವನ ಅನುಭವಕ್ಕೆ ಬರುವುದೇ ಇಲ್ಲ. ವಿದ್ಯಾರ್ಥಿಯ ಪ್ರಶ್ನೆಯು ಹುಟ್ಟಿದುದು ಈ ಕಾರಣದಿಂದ.

ಅರಬ್ಬೀ ಭಾಷೆಯಲ್ಲಿ ‘ಮೌಸಿಮ್’ ಎಂದರೆ ನಿಯತಕಾಲ. ಮಾನ್ಸೂನ್ ಎಂಬ ಪದವು ಅದರಿಂದಲೇ ಬಂದಿತೆಂಬುದು ಸರ್ವವಿದಿತ. ಅದು ಮೊದಲಿಗೆ ಮಳೆಯ ಹೆಸರಾಗಿರದೆ ಹಡಗು ಬಿಡತಕ್ಕ ಕಾಲದ ಹೆಸರಾಗಿದ್ದಿತು. 1490ರ ಸುಮಾರಿನಲ್ಲಿ ಇಬ್ನ್ ಮಾಜಿದನು ರಚಿಸಿದ ನೌಕಾಶಾಸ್ತ್ರ ಗ್ರಂಥದಲ್ಲಿ ಯಾವ ಬಂದರಿನಿಂದ ಯಾವ ಬಂದರಿಗೆ ಯಾವ ದಿನ ಹೊರಡಬೇಕೆಂಬುದನ್ನು ನೌರೋಜಿನಿಂದ ಎಣಿಸಿದ ದಿನಗಳಲ್ಲಿ ಹೇಳಿದೆ. ಪಂಚಾಂಗವಿಲ್ಲದೆ ಪ್ರಯಾಣವಿಲ್ಲವೆಂಬುದು ನಮ್ಮವರಿಗಿಂತ ಕಡಲಿನವರಿಗೇ ಹೆಚ್ಚು ಒಪ್ಪುವ ಮಾತು. ಈ ಜ್ಞಾನವು ಬಹು ಪ್ರಾಚೀನವಾದುದು. ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿಯು ಈಜಿಪ್ಟಿನಿಂದ ಹೊರಡುವವರು ನಡುಬೇಸಗೆಯಲ್ಲಿ ಹಡಗನ್ನೇರಿ, ಕೆಂಪು ಸಮುದ್ರದ ಬಾಯಿಯಲ್ಲಿರುವ ಓಕೆಲಿಸಿನಿಂದ 40 ದಿನಗಳಲ್ಲಿ ಮುಜಿರಿಸ್ಸನ್ನು ತಲುಪುವರೆಂದೂ, ಮರಳುವವರು ಡಿಸೆಂಬರಿನಲ್ಲಿ ಅಥವಾ ತಡವಾದರೆ ಜನವರಿಯ ಮಧ್ಯದೊಳಗೆ ಹೊರಡಬೇಕೆಂದೂ ತಿಳಿಸಿದ್ದಾನೆ. ಮುಜಿರಿಸ್ಸಿನ ಬಳಿ ನಿತ್ರಿಯೆಯ ಕಡಲ್ಗಳ್ಳರ ಭಯವಿದೆಯೆಂದು ಅವನು ಸೇರಿಸುತ್ತಾನೆ. ಈ ನಿತ್ರಿಯೆಯನ್ನು ನೇತ್ರಾವತಿಯೊಡನೆ ಕೆಲವು ವಿದ್ವಾಂಸರು ಸಮೀಕರಿಸಿದ್ದಾರೆ.

ಕಾಲವನ್ನು ಮೀರಿ ಹೊರಟವರಿಗೆ ಏನಾಗುತ್ತಿದ್ದಿತೆಂಬುದನ್ನು ಅಬ್ದುರ್ ರಜಾಕನ ಬರಹದಷ್ಟು ಹೃದಯವಿದ್ರಾವಕವಾಗಿ ಹೇಳುವ ಗ್ರಂಥವು ಮತ್ತೊಂದಿಲ್ಲ. ತೈಮೂರನ ಮಗನಾದ ಷಾಹ್‌ರುಖನ ರಾಯಭಾರಿಯಾಗಿ ಅವನು 1442ರ ಜನವರಿಯಲ್ಲಿ ಹಿರಾತ್ ನಗರವನ್ನು ಬಿಟ್ಟನು. ಹೊರ್ಮುಜಿಗೆ ಬಂದಾಗ ಅಲ್ಲಿಯ ಅಧಿಕಾರಿಗಳು ಒಂದಲ್ಲ ಒಂದು ನೆಪದಿಂದ ಅವನನ್ನು ತಡೆದರು. ಮೌಸಿಮಿನ ಆದಿಯೂ ಕಳೆಯಿತು, ಮಧ್ಯವೂ ಕಳೆಯಿತು. ಬಿರುಗಾಳಿಯ ಮತ್ತು ಕಡಲ್ಗಳ್ಳರ ಭಯವುಳ್ಳ ಅಂತ್ಯಭಾಗದಲ್ಲಿ ಅವನಿಗೆ ಅಪ್ಪಣೆ ದೊರೆಯಿತು. ಮನುಷ್ಯರೂ ಕುದುರೆಗಳೂ ಒಂದೇ ಹಡಗಿನಲ್ಲಿ ಹಿಡಿಸಲಾರದೆಂದು ಪರಿವಾರವನ್ನು ಎರಡು ಹಡಗುಗಳಿಗೆ ಹಂಚಲಾಯಿತು. ಹಡಗಿನ ವಾಸನೆ ಮೂಗಿಗೆ ತಾಕಿದೊಡನೆ ರಾಯಭಾರಿಯು ಮೂರ್ಛಿತನಾಗಿ ಮೂರು ದಿನ ಬಿದ್ದಿದ್ದನಂತೆ. ಎಚ್ಚರವಾದ ಮೇಲೆ ಕೇಳಿಬಂದುದು ವರ್ತಕರ ಗೋಳು: ಸಮುದ್ರಯಾನದ ಕಾಲ ಮೀರಿತು, ಈಗ ಹೊರಟವನು ತನ್ನ ಸಾವಿಗೆ ತಾನೇ ಹೊಣೆ ಎಂದು. ಅವರು ಮಸ್ಕತ್ತಿನಲ್ಲಿ ಇಳಿದುಬಿಟ್ಟರು. ಅಲ್ಲಿಂದ ಕುರಯ್ಯಾತಿಗೂ ಕಲ್ಹಾತಿಗೂ ಹೋಗಿ ಅರಬಸ್ಥಾನದ ಕಡುಬೇಸಗೆಯನ್ನು ಕಳೆಯಬೇಕಾಯಿತು. ಎಲುಬಿನೊಳಗಿನ ಮಜ್ಜೆಯೇ ಕುದಿಯುವಂಥ ಆ ಸೆಕೆಯಲ್ಲಿ ರಜಾಕನು ಕಾಯಿಲೆ ಬಿದ್ದನು. ಜೊತೆಯಲ್ಲಿ ಬಂದಿದ್ದ ಅವನ ಅಣ್ಣನು ತೀರಿಕೊಂಡನು. ಕಾಲವು ಕೂಡಿಬಂದಾಗ ಕಲ್ಹಾತಿನಿಂದ ಕಲ್ಲಿಕೋಟೆಗೆ ಅವನಿಗೆ ಹಿಡಿದುದು ಕೇವಲ 18 ದಿನಗಳು. ತಿಂಗಳುಗಟ್ಟಲೆಯ ವ್ಯಥೆಯನ್ನೂ ಹದಿನೆಂಟು ದಿನಗಳ ಪಯಣವನ್ನೂ ಒಟ್ಟಿಗೆ ನೋಡಿದರೆ, ಆ ಕಾಲದ ಯಾತ್ರಿಕನಿಗೆ ಹಡಗಿನ ಬಲಕ್ಕಿಂತ ಹೊರಡುವ ದಿನವೇ ದೊಡ್ಡದಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ವಾಸ್ಕೊ ಡ ಗಾಮನ ಕಥೆಯು ಇದಕ್ಕೆ ಸಮಾನಾಂತರವಾಗಿದೆ. ಮಾಲಿಂದಿಯಿಂದ 1498ರ ಏಪ್ರಿಲ್ 24ರಂದು ಹೊರಟ ಅವನ ಹಡಗುಗಳು 23 ದಿನಗಳಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ಕಲ್ಲಿಕೋಟೆಯ ಹತ್ತಿರಕ್ಕೆ ಬಂದವು. ದಾರಿ ತೋರಿಸಿದವನು ಇಬ್ನ್ ಮಾಜಿದನೇ ಎಂಬ ಪ್ರಚಲಿತವಾದ ಕಥೆಯನ್ನು ವಿದ್ವಾಂಸರು ಈಗ ಒಪ್ಪುವುದಿಲ್ಲ. ಆ ನಾವಿಕನು ಯಾರೇ ಆಗಿರಲಿ, ಕಾಲವನ್ನು ಬಲ್ಲವನಾಗಿದ್ದನು. ಮರಳುವಾಗ ಗಾಮನಿಗೆ ಆ ತಾಳ್ಮೆಯಿರಲಿಲ್ಲ. ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳ ತಳವನ್ನು ಕೆರೆದು ಶುಚಿಮಾಡಿ, ಸಿಹಿನೀರನ್ನು ತುಂಬಿಕೊಂಡು, ಈಶಾನ್ಯದ ಗಾಳಿಯು ನೆಲೆಗೊಳ್ಳುವ ಮೊದಲೇ ಅಕ್ಟೋಬರ್ 5ರಂದು ಹೊರಟುಬಿಟ್ಟನು. ಆಫ್ರಿಕದ ನೆಲವು ಕಾಣಿಸಿದುದು 1499ರ ಜನವರಿ 2ರಂದು. ಮೂರು ತಿಂಗಳ ಆ ನಿಶ್ಚಲ ಸಮುದ್ರದಲ್ಲಿ ಒಸಡು ಬಾತು ರಕ್ತ ಸುರಿಯುವ ರೋಗದಿಂದ ಮೂವತ್ತು ಜನ ಸತ್ತರು. ಪ್ರತಿಯೊಂದು ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಜನ. ಹಡಗು ನಡೆಸುವವರಿಲ್ಲದೆ ಒಂದು ನೌಕೆಯನ್ನು ಸುಟ್ಟುಹಾಕಬೇಕಾಯಿತು. ಇನ್ನೊಂದು ತಿಂಗಳು ಅಂಜದೀವದಲ್ಲಿ ನಿಂತಿದ್ದರೆ ಇವರಲ್ಲಿ ಬಹುಮಂದಿ ಬದುಕುತ್ತಿದ್ದರೆಂದು ಹೇಳಬಹುದು. ಗಾಮನನ್ನು ಹೊಗಳುವ ಪಠ್ಯಪುಸ್ತಕಗಳಲ್ಲಿ ಈ ಮಾತು ಬರುವುದು ಅಪೂರ್ವ.

ಇನ್ನು ಗೋವೆಯ ವಿಷಯ. 1510ರ ಆರಂಭದಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದನು. ಮೇ ತಿಂಗಳಲ್ಲಿ ಬಿಜಾಪುರದ ಸೇನೆಯು ಬಂದು ಅವನನ್ನು ನಗರದಿಂದ ಹೊರಗಟ್ಟಿತು. ಹಡಗುಗಳನ್ನೇರಿ ಓಡೋಣವೆಂದರೆ ಮಳೆಗಾಲ ತೊಡಗಿ ಮಾಂಡೋವಿ ನದಿಯ ಮುಖವು ಮುಚ್ಚಿಹೋಗಿದ್ದಿತು. ಆಗಸ್ಟಿನ ವರೆಗೂ ಪೋರ್ತುಗೀಜರು ನದಿಯ ನಡುವೆ ಹಡಗುಗಳಲ್ಲಿಯೇ ಸೆರೆಯಾಗಿ, ಇಲಿಗಳನ್ನೂ ಪೆಟ್ಟಿಗೆಯ ಚರ್ಮವನ್ನೂ ಬೇಯಿಸಿ ತಿನ್ನುವ ಸ್ಥಿತಿಗೆ ಬಂದರು. ಬಿಜಾಪುರದವರು ಮೇ ತಿಂಗಳಿನಲ್ಲಿಯೇ ಮುತ್ತಿದುದು ಕಾಕತಾಳೀಯವೆಂದು ನಮಗೆ ತೋರುವುದಿಲ್ಲ. ಒಳನಾಡಿನ ಅರಸರಿಗೆ ಕಡಲಿನ ಪರಿಚಯವಿರಲಿಲ್ಲವೆಂಬ ಸಾಮಾನ್ಯ ಹೇಳಿಕೆಯನ್ನು ಇಂತಹ ಸಂದರ್ಭಗಳಲ್ಲಿ ಮರುಪರಿಶೀಲಿಸಬೇಕಾಗಿದೆ. ನೌಕಾಬಲವಿಲ್ಲದಿದ್ದರೂ ಕಡಲು ಯಾವಾಗ ಮುಚ್ಚುವುದೆಂಬುದು ಅವರಿಗೆ ಚೆನ್ನಾಗಿ ತಿಳಿದಿದ್ದಿತು. ತಿಳಿಯದೆ ನಡೆಯುವಂತೆಯೂ ಇರಲಿಲ್ಲ, ಏಕೆಂದರೆ ಅವರ ಕುದುರೆಗಳು ಬರುತ್ತಿದ್ದುದು ಕಡಲಿನಿಂದ.

ಕುದುರೆಯ ಮಾತು ಬಂದಾಗ ಎಡೆದೊರೆ ನಾಡಿಗೂ ಸಮುದ್ರಕ್ಕೂ ಇದ್ದ ನಂಟು ಪ್ರತ್ಯಕ್ಷವಾಗುತ್ತದೆ. ಬಹಮನಿಗಳೂ ವಿಜಯನಗರದವರೂ, ಅನಂತರ ಆದಿಲ್‌ಶಾಹಿಗಳೂ ಈ ಎರಡು ನದಿಗಳ ನಡುವಣ ನೆಲಕ್ಕಾಗಿ ಎರಡು ಶತಮಾನಗಳಿಗೂ ಮಿಕ್ಕು ಕಾದಾಡಿದರು. ಆ ಯುದ್ಧಗಳು ಅಶ್ವಬಲದ ಯುದ್ಧಗಳು. ಉತ್ತಮವಾದ ಅಶ್ವಗಳೋ ಹೊರ್ಮುಜ್ ಅರಬಸ್ಥಾನಗಳವು. ಸಾಳುವ ನರಸಿಂಹನು ಕುದುರೆಗಳನ್ನು ಸತ್ತುದಿರಲಿ ಬದುಕಿದುದಿರಲಿ ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸಮುದ್ರದಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದೂ ನೂನಿಜನು ಹೇಳುತ್ತಾನೆ. ಕೇಳಲು ವಿಚಿತ್ರವಾದರೂ ಇದು ಸಮುದ್ರದ ಅಪಾಯವನ್ನು ವರ್ತಕನ ತಲೆಯಿಂದ ಅರಸನ ಬೊಕ್ಕಸಕ್ಕೆ ವರ್ಗಾಯಿಸಿದ ಏರ್ಪಾಟು. ಇಂದಿನ ವಿಮಾ ಪದ್ಧತಿಗೆ ಅದು ದೂರವಾದುದಲ್ಲ. ನಿಕಿತಿನನು ಬೀದರಿನಿಂದ ಆಳಂದದ ಸಂತೆಗೆ ಹೋಗಿ, ಅಲ್ಲಿಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುವುವೆಂದು ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ವ್ಯಾಪಾರದ ಗಾತ್ರವು ಅದರಿಂದ ಊಹೆಗೆ ಬರುತ್ತದೆ. ರಾಯಚೂರಿನಲ್ಲಿ ವಜ್ರಗಳು ಹುಟ್ಟುವುವೆಂಬ ಮಾತನ್ನೂ ಅವನು ಬಿಟ್ಟಿಲ್ಲ.

ಇಲ್ಲಿ ನಾವು ಒಂದು ಊಹೆಯನ್ನು ವಿದ್ವಾಂಸರ ಮುಂದಿಡಲು ಬಯಸುತ್ತೇವೆ. ದೂರದಿಂದ ಬಂದ ಯಾತ್ರಿಕರ ತಿಂಗಳುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕ್ರಮವು ಗೋಚರಿಸುತ್ತದೆ. ನಿಕಿತಿನನು ಮಳೆಯ ಹೊಸ್ತಿಲಲ್ಲಿ ಇಳಿದು ಘಟ್ಟವನ್ನೇರಿದನು. ರಜಾಕನು 1443ರ ಏಪ್ರಿಲಿನಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಆ ತಿಂಗಳ ಕೊನೆಗೆ ವಿಜಯನಗರವನ್ನು ಸೇರಿ, ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು, ಡಿಸೆಂಬರಿನಲ್ಲಿ ರಾಜಧಾನಿಯನ್ನು ಬಿಟ್ಟು, ಮುಂದಿನ ವರ್ಷದ ಆರಂಭದಲ್ಲಿ ಹೊನ್ನಾವರದಿಂದ ಹಡಗನ್ನೇರಿದನು. ಅವನನ್ನು ಕರೆಸಿಕೊಂಡವನು ದೇವರಾಯನು, ನಿಜ. ಆದರೆ ಅವನ ವಾಸದ ಅವಧಿಯು ಕಡಲು ಮುಚ್ಚಿದ ಅವಧಿಯನ್ನು ಪೂರ್ತಿಯಾಗಿ ಒಳಗೊಂಡಿದೆ. ಕರಾವಳಿಯ ‘ಚಳಿಗಾಲ’ದಿಂದ ತಪ್ಪಿಸಿಕೊಳ್ಳಲು ಘಟ್ಟದ ಮೇಲಣ ಒಣಸೀಮೆಯು ಒಳ್ಳೆಯ ಆಶ್ರಯವಾಗಿದ್ದಿತು. ಮಳೆ ಮುಗಿದು, ನದಿಗಳು ಇಳಿದು, ದಾರಿಗಳು ಒಣಗುವ ಆಶ್ವಯುಜದಲ್ಲಿ ಮಹಾನವಮಿ ಬರುತ್ತದೆ. ದಂಡುಗಳು ಹೊರಡುವುದೂ ಹಡಗುಗಳು ಬಂದರನ್ನು ಸೇರುವುದೂ ಅದರ ಆಸುಪಾಸಿನಲ್ಲಿಯೇ. ಕುದುರೆಗಳನ್ನು ಶೃಂಗರಿಸಿ ಅರಸನ ಮುಂದೆ ನಡೆಸುತ್ತಿದ್ದ ಆ ಉತ್ಸವದ ಧಾರ್ಮಿಕ ಮಹತ್ತ್ವವನ್ನು ನಾವು ಅಲ್ಲಗಳೆಯುತ್ತಿಲ್ಲ. ವರ್ತಕನ ಪಂಚಾಂಗಕ್ಕೂ ಅದು ಒಪ್ಪುತ್ತಿದ್ದಿತೆಂಬುದಷ್ಟೇ ನಮ್ಮ ಮಾತು.

ಉತ್ತರದ ಶೀತಪ್ರದೇಶದವರು ತಮ್ಮ ನಿಜವಾದ ಚಳಿಗಾಲದಿಂದ ತಪ್ಪಿಸಿಕೊಳ್ಳಲು ಸಮುದ್ರವಿಹಾರಕ್ಕೆ ಹೊರಡುವ ರೂಢಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೊಡಗಿದುದು. 1922ರ ನವೆಂಬರಿನಲ್ಲಿ ಲಕೋನಿಯಾ ಎಂಬ ನೌಕೆಯು ನ್ಯೂಯಾರ್ಕಿನಿಂದ ವಿಹಾರಿಗಳನ್ನು ಕರೆದುಕೊಂಡು ಭೂಪ್ರದಕ್ಷಿಣೆಗೆ ಹೊರಟಿತು. ಇಂದು ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳೂ ಮಳೆ ಕಳೆದ ತರುವಾಯವೇ ಬರುತ್ತವೆ. ಉಗಿಯಂತ್ರ ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಆದರೂ ಅವರ ಚಳಿಗಾಲವು ನಮ್ಮ ಕರಾವಳಿಯ ತೆರವಿನ ಕಾಲವೇ ಆಗಿರುವುದರಿಂದ, ಪ್ಲಿನಿಯ ಕಾಲದ ವರ್ತಕರು ಮರುಪಯಣಕ್ಕೆ ಅಣಿಯಾಗುತ್ತಿದ್ದ ತಿಂಗಳುಗಳಲ್ಲಿಯೇ ಇವರ ಆಗಮನವಾಗುತ್ತದೆ. ಇದು ಪ್ರಾಸಂಗಿಕವಾಗಿ ಹೇಳಿದ ಮಾತು.

ಈ ಕಾಲಗಣನೆಯಿಂದ ಎಡೆದೊರೆ ನಾಡಿನ ಚರಿತ್ರೆಗೆ ಆಗಿರುವ ನೇರವಾದ ಉಪಕಾರವೆಂದರೆ ರಾಯಚೂರು ಯುದ್ಧದ ತಿಥಿನಿರ್ಣಯ. ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನು ಕೃಷ್ಣೆಯನ್ನು ದಾಟಿ ಬಂದು ಸೋತು ಹಿಂದೆಗೆದ ಈ ಕಾಳಗವು ಮೇ ತಿಂಗಳ ಅಮಾವಾಸ್ಯೆಯ ಸಂದರ್ಭದ ಶನಿವಾರ ನಡೆಯಿತೆಂದು ನೂನಿಜನು ಬರೆಯುತ್ತಾನೆ. ಶುಕ್ರವಾರವು ಅಶುಭವೆಂದು ಮಂತ್ರಿಗಳು ಅರಸನನ್ನು ಒಂದು ದಿನ ತಡೆದರೆಂಬ ವಿವರವನ್ನೂ ಅವನು ಕೊಡುತ್ತಾನೆ. ಆದರೆ ಅವನು ಹೇಳುವ ವರ್ಷ 1522. ರಾಬರ್ಟ್ ಸ್ಯೂಯೆಲನು 1900ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ವರ್ಷವನ್ನು ತಿರಸ್ಕರಿಸಿ 1520ರ ಮೇ 19, ಶನಿವಾರವನ್ನು ಎತ್ತಿಹಿಡಿದನು. ಅವನ ಆಧಾರಗಳಲ್ಲಿ ಚಂದ್ರನ ಗಣಿತದಷ್ಟೇ ಬಲವಾದುದು ಕಡಲಿನ ಆಧಾರ. ಆದಿಲ್‌ಶಾಹನು ರಾಯನೊಡನೆ ಯುದ್ಧದಲ್ಲಿ ತೊಡಗಿದ್ದಾಗ, ಗೋವೆಯ ಅಧಿಕಾರಿಯಾದ ರುಯ್ ದೆ ಮೆಲೊ ಎಂಬುವನು ಸಮಯ ಸಾಧಿಸಿ ಸುತ್ತಲಿನ ನಾಡನ್ನು ವಶಪಡಿಸಿಕೊಂಡನೆಂದೂ, ಆಗ ಗವರ್ನರ್ ಸೆಕೇರನು ಕೆಂಪು ಸಮುದ್ರಕ್ಕೆ ಹೋಗಿದ್ದನೆಂದೂ ಪೋರ್ತುಗೀಜ ಚರಿತ್ರಕಾರರು ಬರೆದಿದ್ದಾರೆ.

ಸೆಕೇರನ ಈ ಯಾತ್ರೆಯ ಕಾಲದ ಬಗ್ಗೆ ಸಂದೇಹಕ್ಕೆಡೆಯಿಲ್ಲ. ಕೆಂಪು ಸಮುದ್ರಕ್ಕೆ ಹೋಗುವ ನೌಕಾಪಡೆಯು ಈಶಾನ್ಯದ ಗಾಳಿಯಿರುವ ಜನವರಿ ಫೆಬ್ರುವರಿಗಳಲ್ಲಿಯೇ ಹೊರಡಬೇಕು. ಅವನು ಹೊರಟುದು 1520ರ ಫೆಬ್ರುವರಿಯಲ್ಲಿ. ಏಪ್ರಿಲಿನಲ್ಲಿ ಅವನ ಹಡಗುಗಳು ಮಸ್ಸಾವಾದಲ್ಲಿದ್ದವು. ಇಥಿಯೋಪಿಯದ ದೊರೆಯ ಬಳಿಗೆ ಹೊರಟ ರಾಯಭಾರವನ್ನು ಅಲ್ಲಿ ಇಳಿಸಿದುದು ಆ ರಾಯಭಾರದೊಡನಿದ್ದ ಪಾದ್ರಿ ಆಲ್ವಾರೆಸನ ಸ್ವತಂತ್ರ ಗ್ರಂಥದಿಂದಲೂ ಸ್ಥಿರಪಟ್ಟಿದೆ. ಮೇ ತಿಂಗಳಲ್ಲಿ ಅವನು ಗೋವೆಯಲ್ಲಿರಲು ಸಾಧ್ಯವಿರಲಿಲ್ಲ. 1522ರ ಮೇ ತಿಂಗಳಿನಲ್ಲಾದರೋ ಅವನು ಗವರ್ನರನೇ ಆಗಿರಲಿಲ್ಲ. ಆ ಪದವಿಯಲ್ಲಿ ದುವಾರ್ತೆ ದೆ ಮೆನೆಜೆಸನಿದ್ದನು. ಹೀಗೆ ಸಮುದ್ರವನ್ನೇ ಕಾಣದ ರಾಯಚೂರಿನ ಬಯಲಿನಲ್ಲಿ ನಡೆದ ಕಾಳಗದ ವರ್ಷವು ಕೆಂಪು ಸಮುದ್ರಕ್ಕೆ ಹೋದ ಹಡಗುಗಳ ಗಾಳಿಯಿಂದ ನಿಶ್ಚಯವಾಗಿದೆ.

ಆ ಯುದ್ಧಕಾಲದಲ್ಲಿ ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ತೊವಾವೊ ದೆ ಫಿಗೇರೆದೊ ಎಂಬ ಪೋರ್ತುಗೀಜನು ಇಪ್ಪತ್ತು ಜನ ಬಂದೂಕುಧಾರಿಗಳೊಡನೆ ರಾಯನ ಪಾಳೆಯದಲ್ಲಿದ್ದನು. ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದವರನ್ನು ಅವನ ಜನರು ಗುರಿಯಿಟ್ಟು ಹೊಡೆದುದರಿಂದ ಮುತ್ತಿಗೆಯು ಸುಗಮವಾಯಿತೆಂದು ನೂನಿಜನ ಹೇಳಿಕೆ. ತನ್ನ ದೇಶದವನ ಪಾತ್ರವನ್ನು ಅವನು ಹಿಗ್ಗಿಸಿರುವುದೂ ಸಾಧ್ಯ. ಇದೇ ಫಿಗೇರೆದೊವಿನ ಪರಿವಾರದಲ್ಲಿ ವಿಜಯನಗರಕ್ಕೆ ಬಂದ ಪೇಯಸನು ಮಹಾನವಮಿಯನ್ನು ವರ್ಣಿಸಿದ್ದಾನೆ. ಎರಡೂ 1520ರ ಘಟನೆಗಳೇ ಆಗಿದ್ದಲ್ಲಿ, ಮೇ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ, ಗೋವೆಯ ನದೀಮುಖವು ಮುಚ್ಚಿದ್ದ ದಿನಗಳನ್ನು, ಆ ಕುದುರೆ ವ್ಯಾಪಾರಿಯು ಘಟ್ಟದ ಮೇಲೆಯೇ ಕಳೆದಿರಬೇಕು. ಅವನ ಭಾಷೆಯಲ್ಲಿ ಅದು ಚಳಿಗಾಲ. ಅವನು ಡೇರೆ ಹೊಡೆದಿದ್ದ ಎರೆನೆಲದಲ್ಲಿ, ಇಂದು ನೀರಮಾನ್ವಿಯ ರೈತರು ಮಾಡುವಂತೆಯೇ, ಅಂದಿನವರೂ ಆ ದಿನಗಳಲ್ಲಿ ಹೊಲವನ್ನು ಹಸನುಮಾಡಿ, ಹಿಂಗಾರಿನ ಜೋಳವನ್ನು ಬಿತ್ತಲು ಮುಗಿಲನ್ನು ನೋಡುತ್ತಿದ್ದಿರಬೇಕು.